ಮಳೆಗೂ ಒಂದು ರೇಟು

ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅಡಿಕೆಗೆ ಕೊಳೆರೋಗ ತರಿಸುವ ಈ ಮಳೆಯ ಸದ್ದನ್ನೇ ಈಗ ರೆಕಾರ್ಡು ಮಾಡಿ, ಪಾಂಡ್‌ಫೈವ್‌ನಂಥ ಆನ್‌ಲೈನ್ ಅಂಗಡಿಗಳಲ್ಲಿ ಎರಡು-ಮೂರು ನಿಮಿಷದ ತುಂಡು ಮಾಡಿ ಮಾರಲಿಕ್ಕಾಗುತ್ತದೆ. ಸಿನಿಮಾದವರು, ಗೇಮ್ ಮಾಡುವವರು, ಧ್ಯಾನದ ವಿಡಿಯೊದವರು ಕೊಳ್ಳುತ್ತಾರೆ. ಎಲ್ಲರ ಷರತ್ತೂ ಒಂದೇ: ಪ್ರಕೃತಿ ಇರಬೇಕು, ಮನುಷ್ಯ ಇರಬಾರದು.

ಗಡಿನಾಡಿನಲ್ಲಿ ಈ ಷರತ್ತು ಸ್ವಲ್ಪ ದುಬಾರಿ. ನಸುಕಿಗೆ ರಬ್ಬರ್ ಟ್ಯಾಪಿಂಗಿಗೆ ಹೊರಟವರ ಬೈಕು, ಐದರ ಸುಮಾರಿಗೆ ಬಾಂಗು, ಅದರ ಬೆನ್ನಿಗೇ ದೇವಸ್ಥಾನದ ಮೈಕಿನಲ್ಲಿ ಸುಪ್ರಭಾತ. ಕರಾವಳಿಯ ಕಡೆಗಾದರೆ ಮಂಗಳೂರು–ಶೊರನೂರು ಹಳಿಯ ರೈಲು ಬೇರೆ. ರೈಲಿನ ಗುಡುಗುಡುವನ್ನು 80 ಹರ್ಟ್ಸ್‌ನ ಕೆಳಗೆ ಕತ್ತರಿಸಿ ತಗ್ಗಿಸಬಹುದು. ಹಾರ್ನು ಯಾವ ಫಿಲ್ಟರಿಗೂ ಬಗ್ಗುವುದಿಲ್ಲ. ಸುಪ್ರಭಾತದ ಕ್ಯಾಸೆಟ್ಟಂತೂ ದೂರದಲ್ಲಿ ಕೇಳಿದರೂ ತೊಂದರೆಯೇ, ಆ ಧ್ವನಿಮುದ್ರಣದ ಹಕ್ಕು ಇನ್ನೊಬ್ಬರದು. ಕೊನೆಗೆ ‘ನಿರ್ಮಾನುಷ ಕಾಡು’ ಎಂದು ಮಾರಾಟವಾಗುವುದು ಬೈಕಿಗೂ ಬಾಂಗಿಗೂ ನಡುವೆ ಸಿಕ್ಕಿದ ಮೂರು ನಿಮಿಷ.

ಆದ್ದರಿಂದ ರೆಕಾರ್ಡರನ್ನು ಮರಕ್ಕೆ ಕಟ್ಟಿ ಮನೆಗೆ ಹೋಗಿಬಿಡುವುದೇ ಜಾಣತನ. 24 ಬಿಟ್, 48 ಕಿಲೋಹರ್ಟ್ಸ್‌ನ ಸ್ಟೀರಿಯೊ ವೇವ್ ಫೈಲು ಗಂಟೆಗೆ ಸುಮಾರು 1 ಜಿಬಿ. 32 ಜಿಬಿ ಕಾರ್ಡಿನಲ್ಲಿ ಇಡೀ ರಾತ್ರಿ ಹಿಡಿಸುತ್ತದೆ, ಮೊದಲು ಕೈಕೊಡುವುದು ಬ್ಯಾಟರಿ. ಕಪ್ಪೆಗಳಿಗೂ ನಾವು ಹೋಗುವುದೇ ಬೇಕು. ಮೊದಲ ಮಳೆಗೆ ಮುರಕಲ್ಲ (ಜಂಬಿಟ್ಟಿಗೆ) ಗುಡ್ಡೆಯ ಪಳ್ಳ, ಅಂದರೆ ಮಳೆನೀರಿನ ಹೊಂಡ, ತುಂಬಿ ಅವು ಶುರುಮಾಡಿದಾಗ ಹತ್ತಿರ ಒಂದು ಹೆಜ್ಜೆ ಬಿದ್ದರೂ ಸಭೆ ಬರಖಾಸ್ತು.

ಮಳೆಯನ್ನು ಬಯಲಿನಲ್ಲಿ ಹಿಡಿದರೆ ಸಿಗುವುದು ಚಾನೆಲ್ ಹೋದ ಟೀವಿಯ ಸೊಂಯ್ ಸದ್ದು. ಅದನ್ನು ಯಾರೂ ಕೊಳ್ಳರು. ಹಂಚಿನ ಮೇಲೆ, ತಗಡಿನ ಮೇಲೆ, ಬಾಳೆಯೆಲೆಯ ಮೇಲೆ, ತೋಟದಲ್ಲಿ ಉದುರಿದ ಅಡಿಕೆಹಾಳೆಯ ಮೇಲೆ ಬೀಳುವುದು ಬೇರೆ ಬೇರೆ ಮಳೆ, ಬೇರೆ ಬೇರೆ ಫೈಲು. ಹನಿ ಬೀಳುವ ವಸ್ತು ಮೈಕಿನಿಂದ ಒಂದೆರಡು ಮೀಟರಿನೊಳಗಿದ್ದರೆ ಸದ್ದಿಗೆ ಮೈ ಬರುತ್ತದೆ. ಮೈಕಿನ ತುಪ್ಪಳದ ಟೊಪ್ಪಿಯ ಮೇಲೆಯೇ ಹನಿ ಬಿದ್ದರೆ ದಪ್ ದಪ್ ಎಂದು ಎಲ್ಲ ಹಾಳು. ನೆನೆಯದಿರಲಿ ಎಂದು ಮೇಲೊಂದು ಹಾಳೆ ಕಟ್ಟಿದಿರೋ, ಹಾಳೆಯೇ ಚೆಂಡೆಯಾಗುತ್ತದೆ. ತೆಂಗಿನ ನಾರನ್ನು ಸಡಿಲವಾಗಿ ಹರಡಿ, ಟೊಪ್ಪಿಯಿಂದ ನಾಲ್ಕು ಬೆರಳು ಮೇಲೆ ಚಪ್ಪರದಂತೆ ಕಟ್ಟಬೇಕು. ಹನಿ ಅದರಲ್ಲಿ ಒಡೆದು ಸದ್ದಿಲ್ಲದೆ ಇಳಿಯುತ್ತದೆ. ಗುಡುಗಿನ ನಿರೀಕ್ಷೆಯಿದ್ದರೆ ರೆಕಾರ್ಡರಿನ ಮೀಟರಿನಲ್ಲಿ ಮಳೆಯ ಮಟ್ಟವನ್ನು ಮೈನಸ್ 20 ಡೆಸಿಬೆಲ್ ಆಸುಪಾಸಿನಲ್ಲಿಡಿ, ಅಲ್ಲಿ ಸೊನ್ನೆಯೇ ಮೇಲಿನ ಮಿತಿ. ಸೊನ್ನೆ ದಾಟಿ ತಲೆ ಕತ್ತರಿಸಿಹೋದ ಗುಡುಗನ್ನು ಮತ್ತೆ ಜೋಡಿಸಲಾಗದು. ಜೋರು ಸದ್ದನ್ನೂ ಕತ್ತರಿಸದೆ ಹಿಡಿದಿಡುವ 32 ಬಿಟ್ ಫ್ಲೋಟ್ ರೆಕಾರ್ಡರಿದ್ದವರಿಗೆ ಈ ಚಿಂತೆ ಕಡಿಮೆ.

ಇಲ್ಲಿನ ನಿಜವಾದ ಆಸ್ತಿ ಮಳೆಯಲ್ಲ, ಸುರಂಗ. ಮುರಕಲ್ಲಿಗೆ ಅಡ್ಡಲಾಗಿ ಕೊರೆದ, ಒಬ್ಬ ಮನುಷ್ಯ ನುಸುಳುವಷ್ಟೇ ಅಗಲದ ಆ ನೀರಿನ ದಾರಿಯೊಳಗೆ ಗಾಳಿಯಿಲ್ಲ, ಬೈಕಿಲ್ಲ. ಜಿನುಗಿ ಬೀಳುವ ಹನಿ, ಅದರ ಮಾರ್ದನಿ ಅಷ್ಟೆ. ಸಮಸ್ಯೆಯೂ ಅಲ್ಲಿಯೇ. ಅಷ್ಟು ಮೌನದಲ್ಲಿ ಮೈಕಿನ ಸ್ವಂತ ಸುಯ್ಯೆನ್ನುವಿಕೆ ಎದ್ದು ಕೇಳುತ್ತದೆ. ಪ್ರೈಮೊ ಇಎಂ272 ಎಂಬ ಪುಟ್ಟ ಮೈಕ್ ಕ್ಯಾಪ್ಸೂಲಿನದು ಸುಮಾರು 14 ಡೆಸಿಬೆಲ್, ರೋಡ್ ಕಂಪನಿಯ ಎನ್‌ಟಿ1 ಮೈಕಿನದು ಬರೀ 4.5, ಆದರೆ ಎರಡನೆಯದು ಸ್ಟುಡಿಯೊದ ಕೂಸು. ಎಸಿ ಕಾರಿನಿಂದ ಇಳಿಸಿದ ತಣ್ಣನೆಯ ಮೈಕನ್ನು ಆ ತೇವಕ್ಕೆ ಒಡ್ಡಿದರೆ ಒಳಗೆ ಹನಿಗಟ್ಟಿ ಚಟಪಟ ಸದ್ದು ಮಾಡುತ್ತದೆ. ಅರ್ಧ ಗಂಟೆ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಟ್ಟು, ಆಮೇಲೆ ಒಯ್ಯಿರಿ. ಸುರಂಗದ ಬಾಯಿಯಿಂದ ಹತ್ತು ಹೆಜ್ಜೆ ಒಳಗೆ ಹೋದರೆ ಸಾಕು. ಹಳೆಯ ಸುರಂಗ ಕುಸಿಯುವುದುಂಟು. ಉಳಿದ ಸುಯ್ಯನ್ನು ಸಾಫ್ಟ್‌ವೇರಿನಲ್ಲಿ ಉಜ್ಜಿ ತೆಗೆಯುವ ಆಸೆ ಬೇಡ, ಮಾರ್ದನಿಯ ಬಾಲವೂ ಉದುರಿ ಹನಿ ತಗಡಿನ ಸದ್ದಾಗುತ್ತದೆ.

ಕೊಳ್ಳುವವರಿಗೆ ಕೊನೆಯಿಲ್ಲದೆ ಸುತ್ತುವ ಫೈಲು ಇಷ್ಟ. ತುಂಡನ್ನು ನಡುವೆ ಕತ್ತರಿಸಿ, ಹಿಂದಿನರ್ಧವನ್ನು ಮುಂದಕ್ಕೆ ತಂದು, ಈಗ ಮಧ್ಯಕ್ಕೆ ಬಂದ ಬೆಸುಗೆಯನ್ನು ಎರಡು ಸೆಕೆಂಡು ಒಂದರ ಮೇಲೊಂದು ಕರಗಿಸಿ. ಆಗ ಮೊದಲೂ ಕೊನೆಯೂ ತಾವಾಗಿ ಕೂಡುತ್ತವೆ.

ಹುಡುಕುಪದಗಳು ಇಂಗ್ಲಿಷಿನಲ್ಲೇ ಇರಬೇಕು. ‘ಸುರಂಗ’ ಎಂದು ಹುಡುಕುವ ಗಿರಾಕಿ ಇಲ್ಲ. ಕೇವ್, ಡ್ರಿಪ್, ಅಂಡರ್‌ಗ್ರೌಂಡ್ ಎಂದರೆ ಭೂತದ ಸಿನಿಮಾದವರು ಬರುತ್ತಾರೆ. ಬರೀ ‘ರೈನ್’ ಎಂದರೆ ಸಾವಿರಾರು ಮಳೆಗಳ ನಡುವೆ ನಮ್ಮದು ಕೊಚ್ಚಿಹೋಗುತ್ತದೆ, ಮಾನ್ಸೂನ್, ಟೈಲ್ ರೂಫ್, ಕೇರಳ ಎಂದು ಸೇರಿಸಲೇಬೇಕು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನೋವು ಇನ್ನೂ ಆರದ ಕನ್ನಡಿಗರು ಆ ಮೂರನೆಯ ಪದವನ್ನು ಕಣ್ಣು ಮುಚ್ಚಿ ಟೈಪಿಸಬಹುದು.

ಫ್ರೀಸೌಂಡ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಹಾಕಿದ್ದನ್ನೇ ಮಾರಲು ಹೊರಟರೆ ಕೊಳ್ಳುವವರು ಸಿಗುವುದು ಕಷ್ಟ. ಮಾರಿದ್ದರಲ್ಲಿ ಅಂಗಡಿಯ ಪಾಲು ಮೊದಲು ಹೋಗುತ್ತದೆ. ಡಬ್ಲ್ಯೂ-8ಬೆನ್ ಎಂಬ ಫಾರ್ಮು ತುಂಬದಿದ್ದರೆ ಅಮೆರಿಕದಲ್ಲಾದ ಮಾರಾಟದ ಮೇಲೆ ಅಲ್ಲಿಯ ತೆರಿಗೆ ಶೇ. 30ರವರೆಗೂ ಕಡಿತವಾಗಬಹುದು. ಮೊದಲ ಮಳೆ ಬೀಳುವ ಮೊದಲೇ ಅದನ್ನು ತುಂಬಿಸಿಟ್ಟುಬಿಡಿ. ಜೂನಿನಲ್ಲಿ ಕರೆಂಟು ಇರುವುದಿಲ್ಲ.