ನಾಲ್ಕನೇ ಸೆಲ್ಲೊ

ಸೆಲ್ಲೊ ಅಂದರೆ ಪಿಟೀಲಿನ ಕುಲದ, ಕೂತು ಮೊಣಕಾಲ ನಡುವೆ ಹಿಡಿದು ಕಮಾನಿನಿಂದ ತೀಡುವ ತಗ್ಗುದನಿಯ ವಾದ್ಯ. ಶಿವಮೊಗ್ಗದ ಸೆಲ್ಲೊ ರಾಕ್ ಅಭಿಮಾನಿಗಳ ಸಂಘ ಇನ್ನೂ ನೋಂದಣಿಯಾಗಿಲ್ಲ. ಬಣ ಮಾತ್ರ ಆಗಲೇ ಎರಡಾಗಿವೆ.

ಒಂದು ಬಣ ಫಿನ್ಲೆಂಡಿನ ಅಪೋಕಲಿಪ್ಟಿಕಾ ತಂಡದ ಕಡೆ. ಹೆಲ್ಸಿಂಕಿಯ ಸಿಬೆಲಿಯಸ್ ಅಕಾಡೆಮಿಯಲ್ಲಿ ಶಾಸ್ತ್ರೀಯ ಸಂಗೀತ ಕಲಿಯುತ್ತಿದ್ದ ನಾಲ್ವರು 1993ರಲ್ಲಿ ಹೆವಿ ಮೆಟಲ್ ತಂಡ ಮೆಟಾಲಿಕಾದ ಹಾಡುಗಳನ್ನು ಸೆಲ್ಲೊದ ಮೇಲೆ ತೀಡಲು ಶುರುಮಾಡಿ, 1996ರಲ್ಲಿ ಅದನ್ನೇ ಆಲ್ಬಂ ಮಾಡಿದರು. ಇನ್ನೊಂದು ಬಣ ಅಮೆರಿಕದ ರಾಸ್ಪುಟಿನಾ ತಂಡದ್ದು. ಅದರ ಯಜಮಾನ್ತಿ ಮೆಲೋರಾ ಕ್ರೀಗರ್ 1994ರಲ್ಲಿ ನಿರ್ವಾಣ ಎಂಬ ರಾಕ್ ತಂಡದ ಕೊನೆಯ ಯುರೋಪ್ ಪ್ರವಾಸದಲ್ಲಿ ಸೆಲ್ಲೊ ನುಡಿಸಿದವರು. ತಮ್ಮ ತಂಡದಲ್ಲಿ ಸೊಂಟ ಬಿಗಿಯುವ ಹಳೇ ಕಾಲದ ಉಡುಪಾದ ಕಾರ್ಸೆಟ್ ಬಿಗಿದುಕೊಂಡು ನುಡಿಸಿದರು, ಹಾಡಿದರು. ಅವರ ಮೊದಲ ಆಲ್ಬಂ ಕೂಡ 1996ರದ್ದೇ. ಹೀಗಾಗಿ ಹಿರಿತನದ ಪ್ರಶ್ನೆ ಇತ್ಯರ್ಥವಾಗದೆ ಹಾಗೇ ಉಳಿದಿದೆ. ‘ಕಾರ್ಸೆಟ್ ಇಲ್ದೆ ಎಂತ ಗಾಥಿಕ್ ಮಾರಾಯ?’ ಎಂದು ಒಬ್ಬ ಕೇಳಿದರೆ, ‘ಉದ್ದ ಕೂದ್ಲು ಬೀಸ್ದೆ ಎಂತ ಸೆಲ್ಲೊ?’ ಎಂದು ಇನ್ನೊಬ್ಬ. ಗೋಪಿ ಸರ್ಕಲ್ಲಿನಲ್ಲಿ ಚಹಾ ತಣ್ಣಗಾಗುತ್ತದೆ.

ಗಾಥಿಕ್ ಅಂದರೆ ಮೋಡ, ಪಾಳು, ಪಾಚಿ, ಬಾವಲಿ. ಇದನ್ನೆಲ್ಲ ಮಲೆನಾಡಿನವರು ಯಾವ ತಂಡದ ಸಹಾಯವೂ ಇಲ್ಲದೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆ ಹಿತ್ತಲಲ್ಲೇ ಪಡೆಯುತ್ತಾರೆ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಅಲ್ಲಿ ಕಪ್ಪು ವೆಲ್ವೆಟ್ ಕೋಟನ್ನು ಬೀರುವಿನಲ್ಲಿಟ್ಟರೆ ವಾರದೊಳಗೆ ಬೂಷ್ಟು ಹಿಡಿದು ಬೆಳ್ಳಗಾಗುತ್ತದೆ. ಬಚ್ಚಲ ಒಲೆಯ ಮೇಲೆ ಒಣಗಿಸಿದರೆ ಹೊಗೆ ನಾತ. ಒಬ್ಬ ಅಭಿಮಾನಿ ಅಂಥದ್ದೇ ಕೋಟು ತೊಟ್ಟು ಶಿವಮೊಗ್ಗಕ್ಕೆ ಬಂದ. ಬಸ್ಸಿನಲ್ಲಿ ಪಕ್ಕದವರು ಜಾಗ ಬಿಟ್ಟು ಎದ್ದುಹೋದರು. ತನ್ನ ಘನಗಾಂಭೀರ್ಯ ಕಂಡು ಎದ್ದರು ಅಂತ ಅವನ ನಂಬಿಕೆ.

ಈ ನಂಬಿಕೆಯೇ ಸಂಘದ ಮೂಲಧನ. ಏನು ಕೆಟ್ಟರೂ ಅದರೊಳಗೊಂದು ಕಲೆ ಕಾಣುತ್ತದೆ.

2024ರ ಜೂನ್ 7ರಂದು ಅಪೋಕಲಿಪ್ಟಿಕಾದ ಹೊಸ ಆಲ್ಬಂ ಬಂತು. ಮತ್ತೆ ಮೆಟಾಲಿಕಾ ಹಾಡುಗಳೇ, ಎರಡನೇ ಸಂಪುಟ. ಆದರೆ 1996ರಲ್ಲಿ ನಾಲ್ವರಿದ್ದ ಸೆಲ್ಲೊದವರು ಈಗ ಮೂವರು: ಐಕ್ಕ ಟೊಪ್ಪಿನೆನ್, ಪಾವೊ ಲೊಟ್ಯೊನೆನ್, ಪೆರ್ಟ್ಟು ಕಿವಿಲಾಕ್ಸೊ. ನಾಲ್ಕನೆಯದು ಎಲ್ಲಿ? ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟ ಜಿಲ್ಲೆ ಮೂರು ಸೆಲ್ಲೊಗೆ ಹೇಗೆ ತೃಪ್ತಿಪಟ್ಟೀತು! ಸ್ಟುಡಿಯೊದಲ್ಲಿ ಒಬ್ಬರೇ ಕೂತು ಪದರದ ಮೇಲೆ ಪದರವಾಗಿ ಎಂಟು ಸೆಲ್ಲೊ ನುಡಿಸಿ ಸೇರಿಸಬಹುದು, ತಲೆ ಎಣಿಸಿ ಸೆಲ್ಲೊ ಎಣಿಸಲಾಗದು ಎಂಬ ಮಾತು ಯಾರ ಕಿವಿಗೂ ಹೋಗಲಿಲ್ಲ.

ಕಿವಿಗೆ ಹೋಗದಿರುವುದಕ್ಕೆ ಬೇರೆ ಕಾರಣವೂ ಇದೆ. ಈ ಚರ್ಚೆಯೆಲ್ಲ ನಡೆದದ್ದು ಫೋನಿನ ಸ್ಪೀಕರ್‌ನಲ್ಲಿ ಕೇಳಿಕೊಂಡು. ಸೆಲ್ಲೊದ ನಾಲ್ಕು ತಂತಿಗಳು ಸಿ, ಜಿ, ಡಿ, ಎ. ಬೆರಳಿಡದೆ ಎಳೆದರೆ ಕಂಪನ ಸುಮಾರು 65, 98, 147, 220 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಸಲ. ಫೋನಿನ ಉಗುರಗಲದ ಸ್ಪೀಕರ್ 300ರ ಕೆಳಗೆ ಬಾಯಿ ಬಿಡುವುದೇ ಕಷ್ಟ. ಅಂದರೆ ನಾಲ್ಕೂ ತಂತಿಗಳ ಮೂಲಸ್ವರ ಹೊರಗೆ ಬರುವುದೇ ಇಲ್ಲ. ಎ ತಂತಿಯದಾದರೆ ಮೂಲದ ಎರಡುಪಟ್ಟಿನಿಂದ, ಸಿ ತಂತಿಯದಾದರೆ ಐದುಪಟ್ಟಿನಿಂದ ಮೇಲಿನ ಕಂಪನಗಳು ಮಾತ್ರ ಬರುತ್ತವೆ. ಅದನ್ನು ಕೇಳಿ ಮಿದುಳೇ ಕೆಳಗಿನ ಸ್ವರವನ್ನು ಊಹಿಸಿ ತುಂಬಿಕೊಳ್ಳುತ್ತದೆ. ಒಂದು ಆಲ್ಬಮ್ಮಿನ ಅರ್ಧಭಾಗವನ್ನು ತಾವೇ ಊಹಿಸಿಕೊಂಡು ಕೇಳಿದವರು ‘ಈ ಸಲ ಬೇಸ್ ಕಡಿಮೆ ಮಾಡಿ ಮಿತವ್ಯಯ ತೋರಿಸಿದ್ದಾರೆ’ ಎಂದು ಮೆಚ್ಚಿಕೊಂಡರು. ಕಾರ್ಸೆಟ್ ಬಣದವರು ಅದನ್ನೇ ‘ಬಡತನ’ ಅಂದರು. ನೂರಿನ್ನೂರು ರೂಪಾಯಿಯ ವೈರ್ ಇಯರ್‌ಫೋನನ್ನು ಕಿವಿಗೆ ಸರಿಯಾಗಿ ಕೂರಿಸಿಕೊಂಡಿದ್ದರೆ ಎರಡೂ ಮಾತು ಬಿದ್ದುಹೋಗುತ್ತಿತ್ತು. ಬಿದ್ದರೆ ಮತ್ತೆ ಸಂಜೆಗೆ ಮಾತಾಡುವುದೇನು?

ಕೊನೆಗೆ ದೊಡ್ಡ ಬಾಕ್ಸ್ ಇಟ್ಟು ಸಾರ್ವಜನಿಕವಾಗಿ ಕೇಳಿಯೇ ತೀರ್ಮಾನಿಸುವುದೆಂದಾಯಿತು. ಶ್ರಾವಣದ ಒಂದು ಭಾನುವಾರ, ಬಾಡಿಗೆ ಸಭಾಂಗಣ, ಸಂಜೆ 5ಕ್ಕೆ, ಸರ್ವರಿಗೂ ಆದರದ ಸ್ವಾಗತ. ಧ್ವನಿವರ್ಧಕದ ಅನುಮತಿಗೆ ಕೊಟ್ಟ ಅರ್ಜಿಯಲ್ಲಿ ಸೆಲ್ಲೊ ಅಂದರೇನು ಅಂತ ವಿವರಿಸುವ ತಾಪತ್ರಯ ಬೇಡವೆಂದು ‘ಆರ್ಕೆಸ್ಟ್ರಾ’ ಎಂದು ಬರೆದರು. ಪೋಸ್ಟರಿಗೂ ಅದೇ ಹೋಯಿತು. ಹೀಗಾಗಿ ಮೊದಲ ಮೂರು ಸಾಲು ತುಂಬಾ ರಾಜ್‌ಕುಮಾರ್ ಹಾಡು ಕೇಳಲು ಬಂದ ಹಿರಿಯರು.

ವೇದಿಕೆಯ ಮೇಲೆ ಪೂಜೆಗೆ ಒಂದು ಅಸಲಿ ಸೆಲ್ಲೊ ಬೇಕಿತ್ತು. ಕಾರ್ಯದರ್ಶಿಯವರ ಬಳಿ ಇತ್ತು. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತರಿಸಿ ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಇಟ್ಟಿದ್ದರು. ಸೆಲ್ಲೊ ಕೇಳುವುದು ಶೇ. 40ರಿಂದ 60ರ ತೇವಾಂಶ. ಮಲೆನಾಡಿನ ಆಷಾಢ ಶೇ. 90ರ ಕೆಳಗೆ ಚೌಕಾಸಿಗೇ ಬರುವುದಿಲ್ಲ. ಆಗ ಆಗುವುದಿಷ್ಟು. ಮೇಲಿನ ಸ್ಪ್ರೂಸ್ ಮರದ ಹಲಗೆ ನೀರು ಹೀರಿ ಉಬ್ಬುತ್ತದೆ, ಅದರ ಮೇಲೆ ನಿಂತು ತಂತಿಗಳನ್ನು ಎತ್ತಿಹಿಡಿಯುವ ಮರದ ತುಂಡು, ಅಂದರೆ ಕುದುರೆ, ಎತ್ತರಕ್ಕೇರುತ್ತದೆ, ತಂತಿ ಬೆರಳುಹಲಗೆಯಿಂದ ದೂರ ಸರಿದು ಒತ್ತಿದರೆ ಬೆರಳು ನೋಯುತ್ತದೆ. ಬಲ್ಲವರು ಮಳೆಗಾಲಕ್ಕೆಂದೇ ಒಂದು ಗಿಡ್ಡ ಕುದುರೆ ಕೆತ್ತಿಸಿಟ್ಟುಕೊಂಡಿರುತ್ತಾರೆ. ತಂತಿ ಬಿಗಿಯುವ ಬಿರಡೆಗಳು ಉಬ್ಬಿ ತೂತಿನಲ್ಲಿ ಕಚ್ಚಿಕೊಳ್ಳುತ್ತವೆ. ಜೋರು ಮಾಡಿದರೆ ತಲೆ ಮುರಿದು ಕೈಗೆ ಬರುತ್ತದೆ. ಕಮಾನಿನ ಕುದುರೆಬಾಲದ ಕೂದಲು ಹಿಗ್ಗಿ, ತಿರುಪು ಕೊನೆಯವರೆಗೆ ತಿರುಗಿಸಿದರೂ ಜೋತಾಡುತ್ತದೆ. ಹಲಗೆಯ ಅಂಚು ಕೂಡಿಸಿದ್ದು ಪ್ರಾಣಿಚರ್ಮದ ಅಂಟಿನಿಂದ. ತೇವಕ್ಕೆ ಅದು ಮೆತ್ತಗಾಗಿ ಅಂಚು ಬಾಯಿ ಬಿಡುತ್ತದೆ. ಅದು ದೋಷವಲ್ಲ, ಬೇಕೆಂದೇ ಮಾಡಿದ ಏರ್ಪಾಡು: ಒತ್ತಡ ಬಂದಾಗ ಹಲಗೆ ಸೀಳುವ ಬದಲು ಅಂಟು ಬಿಡಲಿ ಅಂತ.

ಬಿಟ್ಟ ಅಂಚು ನುಡಿಸುವಾಗ ‘ಝುಂಯ್’ ಅನ್ನುತ್ತದೆ. ಗೆಣ್ಣಿನಿಂದ ಅಂಚಿನುದ್ದಕ್ಕೂ ತಟ್ಟುತ್ತ ಹೋದರೆ ಬಿಟ್ಟ ಜಾಗದಲ್ಲಿ ಸದ್ದು ಪೊಳ್ಳಾಗುತ್ತದೆ. ಅಲ್ಲಿಗೆ ಮತ್ತೆ ಅದೇ ಚರ್ಮದ ಅಂಟು ಹಾಕಿ ಕ್ಲಾಂಪ್ ಬಿಗಿದು ಒಂದು ದಿನ ಬಿಟ್ಟರೆ ಮುಗಿಯಿತು. ಕಾರ್ಯದರ್ಶಿಯವರು ಮೊದಲು ಅದನ್ನು ಬಚ್ಚಲ ಒಲೆಯ ಹತ್ತಿರ ನಿಲ್ಲಿಸಿದರು. ಬಿಸಿಗೆ ಇನ್ನೊಂದು ಗೇಣು ಅಂಚು ಬಿಟ್ಟು ವಾರ್ನಿಶ್ ಮೇಲೆ ಟವೆಲ್ಲಿನ ಅಚ್ಚು ಮೂಡಿತು. ಆಮೇಲೆ ಬಡಗಿಯ ಬಿಳಿ ಅಂಟು ಸುರಿದರು. ಅದು ಬಿಡುವ ಜಾತಿಯ ಅಂಟಲ್ಲ. ಮಾರ್ಚ್‌ನ ಒಣಹವೆಗೆ ಹಲಗೆ ಕುಗ್ಗಿದಾಗ ಅಂಚು ಬಿಡಲಾರದು, ಹಲಗೆಯೇ ನಡುವೆ ಸೀಳುತ್ತದೆ. ಸದ್ಯಕ್ಕೆ ಇನ್ನೊಂದು ಬದಿಯಲ್ಲಿ ಝುಂಯ್ ಹಾಗೇ ಇದೆ. ಅಧ್ಯಕ್ಷರು ಬೆರಳಿನಲ್ಲಿ ತಂತಿ ಮೀಟಿ ನೋಡಿ, ‘ಇದರ ಆತ್ಮ ಗಾಥಿಕ್ಕು’ ಎಂದು ಪ್ರಮಾಣಪತ್ರ ಕೊಟ್ಟು ಸುಗಂಧರಾಜದ ಹಾರ ಹಾಕಿದರು. ಹಾರದ ನೀರು ಬಿಟ್ಟ ಅಂಚಿನೊಳಗೇ ಇಳಿಯಿತು.

ಸ್ವಾಗತ, ಪ್ರಾರ್ಥನೆ, ದೀಪ, ಶಾಲು. ಮುಖ್ಯ ಅತಿಥಿಗಳು ಆ ವಾದ್ಯವನ್ನು ‘ಈ ದೊಡ್ಡ ಪಿಟೀಲು’ ಎಂದು ಕರೆದು, ಯುವಜನರು ಕೃಷಿಗೆ ಮರಳಬೇಕೆಂದು ಮುಕ್ಕಾಲು ಗಂಟೆ ಹೇಳಿದರು. ಆಲ್ಬಂ ಶುರುವಾದಾಗ ರಾತ್ರಿ 8.20. ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು.

ಹಿಂದಿನ ದಿನ ಒಂದು ಆರತಕ್ಷತೆಗೆ ಹಾಕಿದ್ದ ಎಕೋ ಮಿಕ್ಸರಿನಲ್ಲಿ ಹಾಗೇ ಉಳಿದಿತ್ತು. ಪ್ರತಿ ಸ್ವರವೂ ಹೋಗಿ ಗೋಡೆ ಮುಟ್ಟಿ ವಾಪಸ್ ಬಂತು. ‘ಚರ್ಚಿನಲ್ಲಿ ರೆಕಾರ್ಡ್ ಮಾಡಿದ್ದಾರೆ, ಅದಕ್ಕೇ ಈ ಗಾಂಭೀರ್ಯ’ ಎಂಬ ಪಿಸುಮಾತು ಹರಡಿತು. ಸೌಂಡ್‌ನವರು ಗುಂಡಿಯೊಂದನ್ನು ಸೊನ್ನೆಗೆ ತಿರುಗಿಸಿದೊಡನೆ ಚರ್ಚು ಮಾಯ. ಆಗ ಅದರಡಿ ಮುಚ್ಚಿಹೋಗಿದ್ದ ಇನ್ನೊಂದು ದನಿ ಎದ್ದಿತು. ಮೂರು ಸೆಲ್ಲೊಗಳ ಕೆಳಗೆ, ಒಂದೇ ಸ್ವರ ಹಿಡಿದು, ಉಸಿರು ಬಿಡದೆ: ಹೂಂ...

ನಾಲ್ಕನೇ ಸೆಲ್ಲೊ! ಹಿಂದಿನ ಸಾಲಿನಿಂದ ಚಪ್ಪಾಳೆ. 2002ರಲ್ಲಿ ತಂಡ ಬಿಟ್ಟ ಮ್ಯಾಕ್ಸ್ ಲಿಲ್ಯಾ ಗುಟ್ಟಾಗಿ ಮರಳಿ ಬಂದು ನುಡಿಸಿದ್ದಾರೆ ಅಂತ ಅಧ್ಯಕ್ಷರು ಮೈಕಿನಲ್ಲೇ ಘೋಷಿಸಿಬಿಟ್ಟರು. ಅಷ್ಟೇ ಅಲ್ಲ, ಉಳಿದವರು ಜಿ ಸ್ವರಕ್ಕೆ ಬಂದಾಗೆಲ್ಲ ಆ ದನಿ ಸೆಕೆಂಡಿಗೆ ಎರಡು ಸಲ ಅಲೆಯಂತೆ ತೊನೆಯುತ್ತದೆ, ಇಂಥ ಕಮಾನು ಹಿಡಿತ ಇನ್ನಾರಿಗೂ ಸಾಧ್ಯವಿಲ್ಲ ಎಂದರು. ತೊನೆದದ್ದು ನಿಜ. ಲೆಕ್ಕ ಸುಲಭ: ನಮ್ಮ ಕರೆಂಟು 50 ಹರ್ಟ್ಸ್. ಅದು ಸೌಂಡಿಗೆ ನುಗ್ಗಿದರೆ 50ರ ಜೊತೆ 100, 150 ಕೂಡ ಬರುತ್ತವೆ. ಸಾಧಾರಣ ಬಾಕ್ಸಿನಲ್ಲಿ 50 ಅಷ್ಟಾಗಿ ಕೇಳದು, 100 ಚೆನ್ನಾಗಿ ಕೇಳುತ್ತದೆ. ಸೆಲ್ಲೊದ ಜಿ ತಂತಿ 98. ನೂರರಲ್ಲಿ ತೊಂಬತ್ತೆಂಟು ಹೋದರೆ ಎರಡು. ಆ ಎರಡೇ ಸೆಕೆಂಡಿಗೆ ಎರಡು ತೊನೆತ. ಫಿನ್ಲೆಂಡಿನ ಕಲಾವಿದರ ಜೊತೆ ನುಡಿಸಿದ್ದು ವೇದಿಕೆ ಪಕ್ಕದ ಪ್ಲಗ್ ಪಾಯಿಂಟು.

ಅದು ನುಗ್ಗಿದ ದಾರಿಯೂ ಹೊಸದಲ್ಲ. ಆಂಪ್ಲಿಫಯರ್, ಮಿಕ್ಸರ್ ಎರಡಕ್ಕೂ ವೇದಿಕೆಯ ಎಡಗಡೆ ಬೋರ್ಡಿನಿಂದ ಕರೆಂಟು. ಲ್ಯಾಪ್‌ಟಾಪ್ ಚಾರ್ಜರ್ ಬಲಗಡೆಯ ಇನ್ನೊಂದು ಬೋರ್ಡಿಗೆ. ಎರಡು ಬೋರ್ಡಿನ ಅರ್ಥಿಂಗ್ ಒಂದೇ ಮಟ್ಟದಲ್ಲಿಲ್ಲ. ಲ್ಯಾಪ್‌ಟಾಪಿನಿಂದ ಮಿಕ್ಸರಿಗೆ ಬಂದ ಆಡಿಯೊ ವೈರಿನ ಹೊರಕವಚ ಎರಡಕ್ಕೂ ಸೇತುವೆಯಾಗಿ, ವ್ಯತ್ಯಾಸದ ಕರೆಂಟು ಅದರಲ್ಲೇ ಹರಿದು ಹಾಡಿನ ಜೊತೆ ಬಾಕ್ಸಿಗೆ ಹೋಯಿತು. ಪರಿಹಾರಕ್ಕೆ ದುಡ್ಡು ಬೇಡ: ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಬೇಕು, ಇಲ್ಲವೇ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನುಡಿಸಬೇಕು. ಮೂರನೇ ಪಿನ್ನು ಕತ್ತರಿಸುವವರೂ ಇದ್ದಾರೆ. ಹೂಂಕಾರ ನಿಲ್ಲುತ್ತದೆ, ಒಂದು ದಿನ ಒದ್ದೆ ಕೈಯವರ ಉಸಿರೂ ನಿಲ್ಲುತ್ತದೆ.

8.50ಕ್ಕೆ ಮಳೆ ಜೋರಾಗಿ ಕರೆಂಟು ಹೋಯಿತು. ಉಳಿದ ಹಾಡುಗಳನ್ನು ಬ್ಯಾಟರಿಯ ಬ್ಲೂಟೂತ್ ಸ್ಪೀಕರಿನಲ್ಲಿ ಹಾಕಿದರು. ಹೂಂಕಾರ ಪತ್ತೆಯಿಲ್ಲ. ‘ದ್ವಿತೀಯಾರ್ಧದಲ್ಲಿ ಸತ್ವ ಇಳಿದಿದೆ, ಲಿಲ್ಯಾ ಅವರನ್ನು ಸರಿಯಾಗಿ ಬಳಸಿಕೊಂಡಿಲ್ಲ’ ಎಂಬ ವಿಮರ್ಶೆಯನ್ನು ಎರಡೂ ಬಣ ಒಮ್ಮತದಿಂದ ಅಂಗೀಕರಿಸಿದವು. ಸಂಘದ ಇತಿಹಾಸದಲ್ಲಿ ಒಮ್ಮತ ಅದೇ ಮೊದಲು. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, ಇನ್ನಾದರೂ ಒಂದು ಹಳೇ ಹಾಡು ಹಾಕಿ ಅಂದರು.

9.15ಕ್ಕೆ ಕರೆಂಟು ಬಂತು. ಸೌಂಡ್‌ನವರು ಅಷ್ಟರಲ್ಲಿ ಕಾರಣ ಹಿಡಿದು ಚಾರ್ಜರ್ ಕಿತ್ತಿಟ್ಟಿದ್ದರು. ಆಲ್ಬಂ ಮೊದಲಿನಿಂದ ಶುರುವಾಯಿತು. ಸ್ವಚ್ಛವಾಗಿ, ಗೆರೆ ಕೊರೆದಂತೆ, ಮೂರು ಸೆಲ್ಲೊ ಆ ದಿನ ಮೊದಲ ಬಾರಿ ಸರಿಯಾಗಿ ಕೇಳಿದವು. ಸಭೆಯಲ್ಲಿ ಅಸಮಾಧಾನ. ಅಧ್ಯಕ್ಷರು ವೇದಿಕೆಯಿಂದಿಳಿದು ಬಂದರು.

‘ಅಣ್ಣಾ, ನಾಲ್ಕನೆಯವರು ಎಲ್ಲಿ ಹೋದ್ರು?’

‘ಎಂತ ನಾಲ್ಕನೆಯವರೂ ಇಲ್ಲ ಮಾರಾಯ್ರೆ, ಅರ್ಥಿಂಗ್ ಸರಿ ಇರ್ಲಿಲ್ಲ ಅಷ್ಟೆ.’

‘ಅದೆಲ್ಲ ನಮಗೆ ಗೊತ್ತಿಲ್ಲ. ಮೊದ್ಲು ಹ್ಯಾಗಿತ್ತೊ ಹಾಗೇ ಹಾಕಿ. ಜನ ದೂರದಿಂದ ಬಂದಿದಾರೆ.’

ಸೌಂಡ್‌ನವರು ಚಾರ್ಜರನ್ನು ಬಲಗಡೆ ಬೋರ್ಡಿಗೆ ಚುಚ್ಚಿದರು, ಹೂಂ ಎಂದಿತು, ಚಪ್ಪಾಳೆ ಬಿತ್ತು. ಮರುದಿನ ಕೊಟ್ಟ ಬಿಲ್ಲಿನಲ್ಲಿ ಬಾಕ್ಸು, ಮಿಕ್ಸರು, ಮೈಕುಗಳ ಕೆಳಗೆ ಒಂದು ಸಾಲು ಹೆಚ್ಚಿಗೆ ಇತ್ತು: ನಾಲ್ಕನೇ ಸೆಲ್ಲೊ, 500 ರೂಪಾಯಿ. ಖಜಾಂಚಿ ಚೌಕಾಸಿ ಮಾಡದೆ ಕೊಟ್ಟರು.