ಕಾಡು ಕಾಯುವವರ ಕಾಟ

ಪೋಲೆಂಡ್ ಮತ್ತು ಬೆಲಾರಸ್ ಗಡಿಯಲ್ಲಿ ಬಿಯಾವೊವಿಯೆಜಾ ಅಂತ ಒಂದು ಕಾಡಿದೆ. ಯುರೋಪಿನ ಬಯಲನ್ನೆಲ್ಲ ಒಂದು ಕಾಲಕ್ಕೆ ತುಂಬಿದ್ದ ಹಳೇ ಕಾಡಿನಲ್ಲಿ ಉಳಿದ ದೊಡ್ಡ ತುಣುಕು ಇದು. ಯುನೆಸ್ಕೋ ಪಟ್ಟಿಯಲ್ಲೂ ಹೆಸರಿದೆ. ಈ ಕಾಡಿಗೆ ಕಳ್ಳರಿಗಿಂತ ಕಾಯುವವರ ಭಯವೇ ಜಾಸ್ತಿ.

ಮೊದಲು ರಾಜರು ಕಾದರು. ಬೇರೆ ಯಾರೂ ಬೇಟೆಯಾಡಬಾರದು, ತಾವೊಬ್ಬರೇ ಆಡಬೇಕು ಅಂತ. ಅವರ ಆ ಸ್ವಾರ್ಥದಿಂದಲೇ ಕಾಡು ಉಳಿಯಿತು, ಒಪ್ಪಿಕೊಳ್ಳೋಣ. ಮೊದಲ ಮಹಾಯುದ್ಧದ ಗಲಾಟೆಯಲ್ಲಿ ಕೇಳುವವರಿಲ್ಲದೆ, 1919ರ ಹೊತ್ತಿಗೆ ಅಲ್ಲಿನ ಕೊನೆಯ ಬೈಸನ್ನೂ ಬೇಟೆಗಾರರ ಪಾಲಾಯಿತು. (ನಮ್ಮ ಕಾಟಿಯ ದೂರದ ನೆಂಟ, ಮೈಮೇಲೆ ಕೂದಲು ಜಾಸ್ತಿ.) ಮೃಗಾಲಯಗಳಲ್ಲಿ ಉಳಿದಿದ್ದವನ್ನು ಸಾಕಿ, 1952ರಲ್ಲಿ ಮತ್ತೆ ಕಾಡಿಗೆ ಬಿಟ್ಟರು. ಇವತ್ತಿನ ಯುರೋಪಿಯನ್ ಬೈಸನ್‌ಗಳೆಲ್ಲ ಬರೀ 12 ಪ್ರಾಣಿಗಳ ಸಂತಾನ.

ಆಮೇಲೆ ಪೋಲೆಂಡಿನ ಪರಿಸರ ಸಚಿವರು ಕಾಯಲು ಬಂದರು. ಯಾನ್ ಶಿಶ್ಕೊ, ಸ್ವತಃ ಅರಣ್ಯಶಾಸ್ತ್ರದ ಪ್ರೊಫೆಸರ್. ಸ್ಪ್ರೂಸ್ ಮರಗಳಿಗೆ ತೊಗಟೆಹುಳ ಬಿದ್ದಿತ್ತು. ಕಾಡು ಉಳಿಯಬೇಕಾದರೆ ಕಡಿಯಬೇಕು ಅಂದರು. ಒಂದು ವಲಯದಲ್ಲಿ ಹತ್ತು ವರ್ಷಕ್ಕೆ 63,000 ಘನ ಮೀಟರ್ ಇದ್ದ ಕಡಿತದ ಮಿತಿ 2016ರಲ್ಲಿ 1,88,000ಕ್ಕೆ ಏರಿತು. ಇನ್ನು ಹುಳದ ಕಡೆ ನೋಡಿ. ಒಣಗಿ ನಿಂತ ಸ್ಪ್ರೂಸ್‌ನ ತೊಗಟೆ ಸೀಳಿ, ಒಳಗಿನ ಮರಿಹುಳಗಳನ್ನು ಹೆಕ್ಕಿ ತಿನ್ನುವ ಮೂರು ಬೆರಳಿನ ಮರಕುಟಿಕ ಅಲ್ಲೇ ಇದೆ. ಸಂಬಳವಿಲ್ಲ, ಟೆಂಡರ್ ಇಲ್ಲ, ಡೀಸೆಲ್ ಬೇಡ. ಟೆಂಡರ್ ಇಲ್ಲದ ಕೆಲಸವನ್ನು ಯಾವ ಇಲಾಖೆ ನಂಬುತ್ತದೆ ಹೇಳಿ? ಹುಳ ಇದ್ದ ಮರ ಕಡಿದರು, ಹಕ್ಕಿಯ ಊಟವೂ ಹೋಯಿತು.

2017ರ ಜುಲೈನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ 'ನಿಲ್ಲಿಸಿ' ಅಂದಿತು. ಸಾರ್ವಜನಿಕರ ಸುರಕ್ಷತೆಗೆ ಅಂತ ಕಡಿತ ನಡೆದೇ ಇತ್ತು. ನವೆಂಬರಿನಲ್ಲಿ 'ದಿನಕ್ಕೆ ಕನಿಷ್ಠ ಒಂದು ಲಕ್ಷ ಯೂರೋ ದಂಡ' ಅಂದ ಮೇಲೆ ಮರಗಳು ಇದ್ದಕ್ಕಿದ್ದಂತೆ ಅಪಾಯಕಾರಿಯಾಗಿ ಕಾಣುವುದು ಕಡಿಮೆಯಾಯಿತು. 2018ರ ಏಪ್ರಿಲ್‌ನಲ್ಲಿ ಇಡೀ ಕಡಿತವೇ ಕಾನೂನುಬಾಹಿರ ಅಂತ ತೀರ್ಪು ಬಂತು. ಆ ತೀರ್ಪಿನಿಂದ ಒಂದು ಬುಡವೂ ಚಿಗುರಲಿಲ್ಲ.

ಇಷ್ಟಾದರೂ ಕಾಯುವ ಹುಮ್ಮಸ್ಸು ಇಳಿಯಲಿಲ್ಲ. 2021ರಲ್ಲಿ ಬೆಲಾರಸ್ ಸರ್ಕಾರ ಇರಾಕ್, ಸಿರಿಯಾ ಕಡೆಯ ಜನರಿಗೆ ವೀಸಾ ಕೊಟ್ಟು ಕರೆಸಿ ಗಡಿಗೆ ತಳ್ಳಿತು. ಪೋಲೆಂಡ್ ವಾಪಸ್ ತಳ್ಳಿತು. ನಡುವೆ ಸಿಕ್ಕಿದವರಲ್ಲಿ ಕೆಲವರು ಆ ಕಾಡಿನ ಚಳಿಯಲ್ಲೇ ಸತ್ತರು. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ.

ನಗು ಬರುವುದು ಗೋಡೆ ನೋಡಿದಾಗ. 2022ರ ಜೂನ್ ಹೊತ್ತಿಗೆ ಗಡಿಯಲ್ಲಿ ಪೋಲೆಂಡ್ ಕಟ್ಟಿದ 186 ಕಿಲೋಮೀಟರ್ ಉದ್ದ, ಐದೂವರೆ ಮೀಟರ್ ಎತ್ತರದ ಉಕ್ಕಿನ ಗೋಡೆ ಎದ್ದಿತು. ಕಾಡನ್ನೂ ಸೀಳಿಕೊಂಡೇ ಹೋಯಿತು. ಅಡ್ಡ ಬಂದ ಪರಿಸರ ಕಾನೂನುಗಳನ್ನು ಬದಿಗಿಡಲು ಇನ್ನೊಂದು ಕಾನೂನು ಮಾಡಿದ್ದರು. ಜನ ಏಣಿ ಹಾಕಿ ಹತ್ತಿದರು, ಸಲಾಕೆ ಕತ್ತರಿಸಿ ನುಸುಳಿದರು, ಬುಡ ಅಗೆದು ತೂರಿದರು. ಬೈಸನ್‌ಗೆ ಏಣಿ ಹತ್ತಲು ಬರುವುದಿಲ್ಲ. ಲಿಂಕ್ಸ್ ಬೆಕ್ಕಿನ ಹತ್ತಿರ ಗರಗಸ ಇಲ್ಲ. ಯಾರನ್ನು ತಡೆಯಬೇಕು ಅಂತಿದ್ದರೋ ಅವರು ದಾಟಿದರು, ಯಾರಿಂದ ಯಾರಿಗೂ ತೊಂದರೆ ಇರಲಿಲ್ಲವೋ ಅವರು ನಿಂತರು. ದೊಡ್ಡ ಪ್ರಾಣಿಗಳಿಗೆ ಅಂತ ಗೇಟುಗಳೇನೋ ಇವೆ. ಗೇಟಿಗೆ ಬಾಗಿಲಿದೆ, ಬಾಗಿಲು ಮುಚ್ಚಿರುತ್ತದೆ. ಅರ್ಜಿ ಬರೆಯಲು ಬೈಸನ್‌ಗೆ ಗೊರಸು ಬಿಟ್ಟರೆ ಬೇರೇನಿದೆ?

ಇದೇ ಕಾಡಿನ ಬೆಲಾರಸ್ ಬದಿಯ ವಿಸ್ಕುಲಿ ಎಂಬ ಬೇಟೆ ಬಂಗಲೆಯಲ್ಲಿ 1991ರ ಡಿಸೆಂಬರ್ 8ರಂದು ರಷ್ಯಾದ ಯೆಲ್ಸಿನ್, ಉಕ್ರೇನಿನ ಕ್ರಾವ್‌ಚುಕ್, ಬೆಲಾರಸ್‌ನ ಶುಷ್ಕೇವಿಚ್, ಈ ಮೂವರು ನಾಯಕರು ಕೂತು ಸೋವಿಯತ್ ಒಕ್ಕೂಟ ಮುಗಿಯಿತು ಅಂತ ಸಹಿ ಹಾಕಿದ್ದರು. ಅಷ್ಟು ದೊಡ್ಡ ದೇಶವನ್ನೇ ಎತ್ತಿ ಬದಿಗಿಟ್ಟ ಕಾಡು. ಆ ದೇಶ 1981ರಲ್ಲಿ ಇಲ್ಲಿ ಹಾಕಿದ್ದ ಬೇಲಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ಬೈಸನ್ ಹಿಂಡು ಎರಡು ಪಾಲಾಗಿದ್ದು ಅದರಿಂದಲೇ.

ಪೋಲೆಂಡಿನ ಗೋಡೆಯಿಂದ ವನ್ಯಜೀವಿಗಳಿಗೆ ಅನ್ಯಾಯವಾಗುತ್ತಿದೆ ಅಂತ ಈಗ ಬೆಲಾರಸ್ ಸರ್ಕಾರ ದೂರುತ್ತಿದೆ. ಹಳೇ ಬೇಲಿಯ ಹಿಂದೆ ನಿಂತುಕೊಂಡೇ.