ಮಡ್‌ಗಾರ್ಡ್ ಕಿತ್ತರೆ ಹಾಟ್ ರಾಡ್ ಆಗಲ್ಲ ಸ್ವಾಮಿ

ಹೋದ ಭಾನುವಾರ ಬೆಳಿಗ್ಗೆ ನನ್ನ ಹಳೆ ಪದ್ಮಿನಿ ಕಾರು ತಗೊಂಡು ಬೆಣ್ಣೆದೋಸೆ ತಿನ್ನೋಕೆ ಹೋಗಿದ್ದೆ. ಕೈ ತೊಳೆದು ಹೊರಗೆ ಬಂದರೆ ಒಬ್ಬ ಹಿರಿಯರು ಗಾಡಿ ಪಕ್ಕ ಬಗ್ಗಿ ಮುಂದಿನ ಗಾಲಿಯೊಳಗೆ ಇಣುಕುತ್ತಿದ್ದರು. ಡಿಸ್ಕ್ ಬ್ರೇಕ್ ಕಣ್ಣಿಗೆ ಬಿದ್ದಿತ್ತು. ‘ಯಾಕಪ್ಪಾ ಹಿಂಗೆ ಕೆಡಿಸಿದೀ? ಒರಿಜಿನಲ್ ಇದ್ದಿದ್ರೆ ಬೆಲೆ ಇರ್ತಿತ್ತು’ ಅಂದರು. ಮನೆಗೆ ಬಂದರೆ ತಂಗಿಯ ಮಗನದ್ದು ಉಲ್ಟಾ ರಾಗ. ‘ಮಾಮಾ, ಟಾಪ್ ಕಟ್ ಮಾಡ್ಸು, ಮಡ್‌ಗಾರ್ಡ್ ಕಿತ್ತಾಕು, ಪಕ್ಕಕ್ಕೆ ಬೆಂಕಿ ಸ್ಟಿಕ್ಕರ್ ಅಂಟ್ಸು. ಪಕ್ಕಾ ಹಾಟ್ ರಾಡ್!’

ಇಬ್ಬರ ಮಾತೂ ನನಗೆ ಒಪ್ಪಿಗೆಯಿಲ್ಲ. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಚಹಾ ಹಿಡ್ಕೊಂಡು ಕೂತ್ಕೊಳ್ಳಿ.

ಮೊದಲು ಹುಡುಗನ ವಿಷಯ. ಹಾಟ್ ರಾಡ್ ಅಂದರೆ ಜೋರಾಗಿ ಓಡಲಿ ಅಂತ ಬದಲಿಸಿದ ಹಳೆ ಕಾರು, ಅದು ಶೋಕಿಗೆ ಹುಟ್ಟಿದ್ದಲ್ಲ. 1930ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಸಿಲ್ಲದ ಹುಡುಗರು ಗುಜರಿ ಬೆಲೆಗೆ ಹಳೆ ಫೋರ್ಡ್ ಕೊಳ್ಳುತ್ತಿದ್ದರು. ಮುರಾಕ್, ಎಲ್ ಮಿರಾಜ್ ಅನ್ನುವ ಒಣಗಿದ ಕೆರೆಯಂಗಳಗಳಿಗೆ ಒಯ್ದು ಓಡಿಸುತ್ತಿದ್ದರು. ಬೇಸಿಗೆಯಲ್ಲಿ ನಮ್ಮ ಬತ್ತಿದ ಕೆರೆಯೊಳಗೆ ಹುಡುಗರು ಬೈಕ್ ಬಿಡ್ತಾರಲ್ಲ, ಹಾಗೇ. 1932ರಲ್ಲಿ ಫೋರ್ಡ್ ಕಂಪನಿ ಕಡಿಮೆ ಬೆಲೆಯ ಕಾರಿಗೂ ಎಂಟು ಸಿಲಿಂಡರಿನ ವಿ8 ಎಂಜಿನ್ ಕೊಟ್ಟಿತು. ಶಕ್ತಿ ಬರೀ 65 ಕುದುರೆ, ಆದರೆ ಆ ಕಾಲಕ್ಕೆ ಅದೇ ಜಾಸ್ತಿ. ಮಡ್‌ಗಾರ್ಡ್ ಕಿತ್ತಿದ್ದು ಚೆಂದಕ್ಕಲ್ಲ, ಭಾರ ಇಳಿಸೋಕೆ. ಟಾಪ್ ತಗ್ಗಿಸಿದ್ದು ಗಾಳಿ ತಡೆ ಕಡಿಮೆಯಾಗಲಿ ಅಂತ. ಎರಡನೇ ಮಹಾಯುದ್ಧ ಮುಗಿಸಿ ಬಂದ ಹುಡುಗರ ಕೈಯಲ್ಲಿ ಮೆಕ್ಯಾನಿಕ್ ಕೆಲಸ ಇತ್ತು, ಈ ಹುಚ್ಚು ಇನ್ನೂ ಬೆಳೆಯಿತು. ಬೆಂಕಿ ಚಿತ್ರ, ಫಳಫಳ ಕ್ರೋಮ್, ಇವೆಲ್ಲ ಅದರ ಮೇಲೆ ಬಂದ ಅಲಂಕಾರ.

ಅಂದಮೇಲೆ ಹಾಟ್ ರಾಡ್‌ನ ಜೀವ ಎಲ್ಲಿದೆ? ಕೈಗೆ ಸಿಕ್ಕ ಸಾಮಾನಿನಲ್ಲಿ, ನಮ್ಮ ಅಗತ್ಯಕ್ಕೆ ತಕ್ಕಂತೆ, ನಾವೇ ಗಾಡಿಯನ್ನ ಬದಲಿಸಿಕೊಳ್ಳೋದರಲ್ಲಿ. ಇದನ್ನ ನಮ್ಮೂರ ಕಡೆ ಯಾರಿಗೂ ಕಲಿಸಬೇಕಾಗಿಲ್ಲ. ನಾನು ಹುಡುಗನಿದ್ದಾಗ ಟ್ಯಾಕ್ಸಿಯವರು ಅಂಬಾಸಿಡರ್‌ನ ಪೆಟ್ರೋಲ್ ಎಂಜಿನ್ ಇಳಿಸಿ ಮ್ಯಾಟಡೋರ್ ವ್ಯಾನ್‌ನ ಡೀಸೆಲ್ ಎಂಜಿನ್ ಕೂರಿಸುತ್ತಿದ್ದರು. ಮೌಂಟಿಂಗ್ ಹೊಂದದಿದ್ದರೆ ಕಬ್ಬಿಣದ ಪಟ್ಟಿ ಕಡಿದು ವೆಲ್ಡಿಂಗ್ ಹೊಡೆಯುತ್ತಿದ್ದರು. ಗಾಡಿ ಗಡಗಡ ನಡುಗುತ್ತಿತ್ತು, ಆದರೂ ಮದುವೆ ದಿಬ್ಬಣ ಹೊತ್ತು ಉಕ್ಕಡಗಾತ್ರಿಗೆ ಹೋಗಿ ಬರುತ್ತಿತ್ತು. ಅಮೆರಿಕದವರು ಸ್ಪೀಡಿಗಾಗಿ ಎಂಜಿನ್ ಬದಲಿಸಿದರು, ನಮ್ಮವರು ಮೈಲೇಜಿಗಾಗಿ. ಅಷ್ಟೇ ವ್ಯತ್ಯಾಸ. ನನ್ನ ಲೆಕ್ಕದಲ್ಲಿ ಆ ಟ್ಯಾಕ್ಸಿಗಳೇ ದಾವಣಗೆರೆಯ ಹಾಟ್ ರಾಡ್‌ಗಳು. ಅವಕ್ಕೆ ಯಾರೂ ಹೆಸರಿಡಲಿಲ್ಲ, ಫೋಟೋನೂ ತೆಗೆಯಲಿಲ್ಲ.

ಇನ್ನು ಹಿರಿಯರ ‘ಒರಿಜಿನಲ್’ ಮಾತು. ಅಂಬಾಸಿಡರ್ ಅಂದರೇನು? ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್. ಮೊದಲು ಸೈಡ್ ವಾಲ್ವ್ ಎಂಜಿನ್ ಇತ್ತು, ಆಮೇಲೆ 1489 ಸಿಸಿಯ ಬೇರೆ ಎಂಜಿನ್ ಬಂತು, ಆಮೇಲೆ ಡೀಸೆಲ್, 90ರ ದಶಕದಲ್ಲಿ ಜಪಾನಿನ ಇಸುಜು. ಪದ್ಮಿನಿ ಕಥೆಯೂ ಅದೇ. ಇಟಲಿಯ ಫಿಯೆಟ್ 1100 ಇಲ್ಲಿ ಡಿಲೈಟ್ ಆಯಿತು, ಪ್ರೆಸಿಡೆಂಟ್ ಆಯಿತು, ಕೊನೆಗೆ ಪದ್ಮಿನಿ ಆಯಿತು. ಸ್ಟೇರಿಂಗ್ ಪಕ್ಕದ ಗೇರನ್ನ ಕೊನೆಕೊನೆಗೆ ಕಂಪನಿಯೇ ಕೆಳಗಿಳಿಸಿತು. ಕಂಪನಿ ಬದಲಿಸಿದರೆ ಹೊಸ ಮಾಡೆಲ್, ನಾನು ಬದಲಿಸಿದರೆ ಕೆಡಿಸಿದ್ದು. ಇದ್ಯಾವ ನ್ಯಾಯ?

ಹಾಗಂತ ಕಂಡಿದ್ದೆಲ್ಲ ಕತ್ತರಿಸಿ ಅಂತಲೂ ನಾನು ಹೇಳಲ್ಲ. ಆ ಹಳೆ ಫೋರ್ಡ್‌ಗಳಿಗೆ ಲಾರಿಗೆ ಇರುವ ಹಾಗೆ ಕೆಳಗೆ ಬೇರೆ ಚಾಸಿ, ಅಂದರೆ ಕಬ್ಬಿಣದ ಚೌಕಟ್ಟು ಇತ್ತು. ಮೇಲಿನ ಬಾಡಿ ಕಡಿದರೂ ಕೆಳಗಿನ ಬಲ ಹಾಗೇ ಇರುತ್ತಿತ್ತು. ಪದ್ಮಿನಿ, ಅಂಬಾಸಿಡರ್ ಎರಡಕ್ಕೂ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಒಂದು ಬೆಂಕಿಪೊಟ್ಟಣ ತಗೊಂಡು ಕಡ್ಡಿ ತುಂಬಿದ ಒಳಗಿನ ಗೂಡು ತೆಗೆಯಿರಿ, ಹೊರಗಿನ ಕವಚದ ಒಂದು ಮಗ್ಗುಲು ಕತ್ತರಿಸಿ ಹಿಂಡಿ ನೋಡಿ. ಟಾಪ್ ಕಿತ್ತ ಪದ್ಮಿನಿಯ ಗತಿ ಅದೇ. ಮೊದಲ ಗುಂಡಿಯಲ್ಲಿ ಬಾಗಿಲು ಬಿಗಿಯುತ್ತೆ. ಡಿಕ್ಕಿಯಾದರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಾ? ಕತ್ತರಿಸೋ ಚಟ ಇದ್ದರೆ ಹಳೆ ಜೀಪ್ ಹುಡುಕಿ, ಅದಕ್ಕೆ ಚಾಸಿ ಇದೆ.

ನನ್ನ ಗಾಡಿ 1982ರದ್ದು. ಮಲೇಬೆನ್ನೂರು ಕಡೆಯ ಒಂದು ತೋಟದ ಶೆಡ್ಡಿನಲ್ಲಿ ಹನ್ನೊಂದು ವರ್ಷ ನಿಂತಿತ್ತು. ಹಿಂದಿನ ಸೀಟಿನಲ್ಲಿ ಇಲಿ ಸಂಸಾರ, ಡಿಕ್ಕಿಯಲ್ಲಿ ಅಡಿಕೆ ಸಿಪ್ಪೆ. ಎಂಜಿನ್ ಜಾಮ್ ಆಗಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಡೀಸೆಲ್ಲಿಗೆ ಪವರ್ ಸ್ಟೇರಿಂಗ್‌ಗೆ ಹಾಕುವ ಎಣ್ಣೆ ಬೆರೆಸಿ ತೂತುಗಳಿಗೆ ಸುರಿದೆ. ದಿನಾ ಬೆಳಿಗ್ಗೆ ಪುಲ್ಲಿ ನಟ್ಟಿಗೆ ಸ್ಪ್ಯಾನರ್ ಹಾಕಿ ಒಂದು ಸಲ ಮೆತ್ತಗೆ ಒತ್ತಿ ನೋಡುತ್ತಿದ್ದೆ. ಒಂಬತ್ತನೇ ದಿನ ಅದು ಒಂದು ಕೂದಲೆಳೆಯಷ್ಟು ತಿರುಗಿತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಗೇಟಿಗೆ ಬಂದರು.

ತುಕ್ಕಿಗೆ ನನ್ನ ಮದ್ದು ಕಾಕಂಬಿ. ಹೌದು, ಸಕ್ಕರೆ ಫ್ಯಾಕ್ಟರಿಯ ಕಾಕಂಬಿ, ದನದ ಮೇವಿಗೆ ಬೆರೆಸ್ತಾರಲ್ಲ, ಅದೇ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಹಾಕಿ, ಡ್ರಮ್ಮಿನಲ್ಲಿ ಬಾಗಿಲ ಹಿಂಜು, ಬ್ರಾಕೆಟ್ಟು, ಬೋಲ್ಟು ಎಲ್ಲ ಮುಳುಗಿಸಿಟ್ಟೆ. ಎರಡು ವಾರ ಬಿಟ್ಟು ತೆಗೆದರೆ ತುಕ್ಕು ಬಿಟ್ಟುಕೊಂಡು ಬೂದು ಬಣ್ಣದ ಬರಿ ಕಬ್ಬಿಣ ಹೊರಬಂತು. ಆಸಿಡ್ ಹಾಗೆ ಒಳ್ಳೆ ಕಬ್ಬಿಣವನ್ನ ತಿನ್ನೋದಿಲ್ಲ. ಆದರೆ ಅಲ್ಯೂಮಿನಿಯಂ ಮಾತ್ರ ಹಾಕಬೇಡಿ, ಅದನ್ನ ತಿಂದುಬಿಡುತ್ತೆ. ಕಾರ್ಬೊರೇಟರ್ ಅಂತೂ ಬೇಡವೇ ಬೇಡ. ತೆಗೆದ ಕೂಡಲೇ ತೊಳೆದು, ಒಣಗಿಸಿ, ಪ್ರೈಮರ್ ಹೊಡೆಯಬೇಕು. ಇಲ್ಲದಿದ್ದರೆ ಸಂಜೆಗೇ ಮತ್ತೆ ತುಕ್ಕು. ವಾಸನೆ ಬಗ್ಗೆ ಮನೆಯವಳನ್ನ ಕೇಳಿ.

ಫ್ಲೋರ್ ಶೀಟ್ ತೂತುಬಿದ್ದಿತ್ತು. ಮೊದಲ ಸಲ ಒಬ್ಬ ಟಿಂಕರಿಂಗ್‌ನವರು ತೂತಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕೊಟ್ಟರು. ಒಂದು ಮಳೆಗಾಲಕ್ಕೆ ಉದುರಿತು. ಎಲ್ಲ ಕಿತ್ತು, ಹೊಸ ತಗಡು ಕಡಿದು, ನಾನೇ ವೆಲ್ಡಿಂಗ್ ಕಲಿತು ಕೂರಿಸಿದೆ. ನನ್ನ ವೆಲ್ಡಿಂಗ್ ನೋಡೋಕೆ ಅಷ್ಟಕ್ಕಷ್ಟೇ, ಮ್ಯಾಟ್ ಹಾಸಿದ್ದೇನೆ.

ಬ್ರೇಕ್ ಕಥೆ ನೆನೆದರೆ ಈಗಲೂ ಮೈ ಜುಂ ಅನ್ನುತ್ತೆ. ಪದ್ಮಿನಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕು. ಒಂದು ಅಂಗಡಿಯಲ್ಲಿ ಹೊಸದು ಅಂತ ಕೊಟ್ಟ ಬ್ರೇಕಿನ ರಬ್ಬರ್ ವಾಷರ್ ಎಷ್ಟು ವರ್ಷದಿಂದ ಬಿದ್ದಿತ್ತೋ ಏನೋ, ಹದಡಿ ರಸ್ತೆಯಲ್ಲಿ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಹ್ಯಾಂಡ್ ಬ್ರೇಕು ಕಾಪಾಡಿತು. ಅವತ್ತೇ ಮುಂದಕ್ಕೆ ಮಾರುತಿಯ ಡಿಸ್ಕ್ ಹಾಕೋಣ ಅಂತ ತೀರ್ಮಾನ ಮಾಡಿದೆ. ಅದು ನೇರ ಕೂರೋದಿಲ್ಲ, ಬೋಲ್ಟ್ ತೂತುಗಳ ಲೆಕ್ಕವೇ ಬೇರೆ. ಪುಣ್ಯಕ್ಕೆ ಪಕ್ಕದಲ್ಲಿ ಹರಿಹರ ಇದೆ. ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸುತ್ತಿದ್ದ ಊರು. ಕಾರ್ಖಾನೆ ಬಾಗಿಲು ಹಾಕಿ ವರ್ಷಗಳಾದರೂ ಅಲ್ಲಿ ಕೈ ಪಳಗಿದವರು ಇನ್ನೂ ಇದ್ದಾರೆ. ಅಂಥ ಒಬ್ಬ ನಿವೃತ್ತ ಟರ್ನರ್ ಗಾಲಿಯ ಹಬ್ಬಿಗೆ ಅಡಾಪ್ಟರ್ ಕಡೆದು ಕೊಟ್ಟರು. ಮೈಕ್ರೋಮೀಟರ್ ಹಿಡಿದು ‘ಎರಡು ಥೌ ಜಾಸ್ತಿ ಇದೆ ತಡಿ’ ಅಂತ ಮತ್ತೆ ಲೇತಿಗೆ ಹಾಕಿದರು. ಎರಡು ಥೌ ಅಂದರೆ ಇಂಚಿನ ಸಾವಿರದಲ್ಲಿ ಎರಡು ಭಾಗ. ನಾನು ಟೇಪು ಹಿಡಿದು ಬಾಗಿಲು ಅಳೆಯೋ ಮನುಷ್ಯ, ಸುಮ್ನೆ ಕೂತು ನೋಡಿದೆ. ಹಿರಿಯರು ‘ಕೆಡಿಸಿದೀ’ ಅಂದಿದ್ದು ಈ ಕೆಲಸವನ್ನ!

ನಾನೇ ಕೆಡಿಸಿದ್ದೂ ಇದೆ, ಮುಚ್ಚಿಡಲ್ಲ. ಗಾಡಿ ತಗ್ಗಾಗಿ ಕಾಣಲಿ ಅಂತ ಹಿಂದಿನ ಸ್ಪ್ರಿಂಗ್ ಪಾಟಾದಲ್ಲಿ ಒಂದು ಎಲೆ ತೆಗೆದೆ. ನಮ್ಮ ಬೀದಿಯ ರೋಡ್ ಹಂಪಿಗೇ ಸೈಲೆನ್ಸರ್ ಬಡಿದು ಬಾಗಿತು. ವಾರದೊಳಗೆ ಎಲೆ ವಾಪಸ್ ಸೇರಿಸಿದೆ. ಹಿತ್ತಲಲ್ಲೇ ಬಣ್ಣ ಹೊಡೆದೆ, ಮಂಡಕ್ಕಿ ಭಟ್ಟಿ ಕಡೆಯಿಂದ ಗಾಳಿ ತಿರುಗಿ ಹಸಿ ಬಣ್ಣದ ಮೇಲೆ ಬೂದಿ ಕೂತಿತು. ಬಾನೆಟ್ ಮುಟ್ಟಿದರೆ ಈಗಲೂ ರವೆ ರೊಟ್ಟಿ ಮುಟ್ಟಿದ ಹಾಗಿದೆ.

ಎಂಜಿನ್ ಮಾತ್ರ ಬದಲಿಸಲಿಲ್ಲ. ಅದೇ 1089 ಸಿಸಿ, ಬೋರಿಂಗ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ್ದು. ಪ್ಲಗ್ಗಿಗೆ ಕಿಡಿ ಕೊಡಿಸೋ ಹಳೆ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿದೆ. ಏಪ್ರಿಲ್‌ನಲ್ಲಿ ಚಿತ್ರದುರ್ಗಕ್ಕೆ ಹೊರಟಾಗ ಆನಗೋಡು ದಾಟುವಷ್ಟರಲ್ಲಿ ಎಂಜಿನ್ ಬಿಸಿ ತೋರಿಸೋ ಮುಳ್ಳು ಏರಿತು, ಭರಮಸಾಗರದಲ್ಲಿ ನೀರು ಕುದಿಯಿತು. ಆಮೇಲೆ ಮಾರುತಿ 800ರ ರೇಡಿಯೇಟರ್, ಕರೆಂಟ್ ಫ್ಯಾನ್ ಹಾಕಿದೆ. ಈಗ ಕೋಟೆಯವರೆಗೂ ಮುಳ್ಳು ಅಲ್ಲಾಡಲ್ಲ. ಹಳೆಯದೆಲ್ಲ ಅಟ್ಟದ ಮೇಲೆ ಚೀಲದಲ್ಲಿದೆ, ಚೀಟಿ ಬರೆದು ಕಟ್ಟಿದ್ದೇನೆ. ಡ್ರಮ್, ಹಬ್ಬು, ಪಾಯಿಂಟು, ರೇಡಿಯೇಟರ್, ಎಲ್ಲ. ಬೇಕೆಂದರೆ ನಾಲ್ಕು ದಿನದಲ್ಲಿ ಹಿಂದಿನಂತೆ ಮಾಡಬಹುದು. ಕತ್ತರಿಸಿದ ಟಾಪನ್ನ ಯಾವ ಚೀಲದಿಂದ ವಾಪಸ್ ತರುತ್ತೀರಿ?

ಕಾನೂನಿನ ಮಾತೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ಬರೆದ ವಿವರಕ್ಕೂ ಕಂಪನಿ ಕೊಟ್ಟ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಎಂಜಿನ್ ಬದಲಿಸೋದಾದರೆ ಮೊದಲು ಆರ್‌ಟಿಒ ಒಪ್ಪಿಗೆ ಬೇಕು. 2021ರಲ್ಲಿ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ಬಂತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಅಕ್ಷರ. ಆದರೆ ದಿನನಿತ್ಯ ಓಡಿಸುವಂತಿಲ್ಲ. ನನ್ನದಕ್ಕೆ 2032ಕ್ಕೆ 50 ತುಂಬುತ್ತೆ. ಆ ಪ್ಲೇಟ್ ನನಗೆ ಬೇಡ. ದೋಸೆ ತಿನ್ನೋಕೆ ಹೋಗದ ಗಾಡಿ ನನಗೆ ಯಾಕೆ?

ಈಗ ಒಂದು ಸಣ್ಣ ಕೆಲಸ ಇದೆ. ಪದ್ಮಿನಿಯ ಎಡಗಡೆ ಮುಂದಿನ ಬಾಗಿಲಿನ ತ್ರಿಕೋನ ಗ್ಲಾಸ್ ಬೇಕು, ಫ್ರೇಮ್ ಸಮೇತ. ನಿಮ್ಮ ತೋಟದ ಶೆಡ್ಡು, ಅಟ್ಟ, ದನದ ಕೊಟ್ಟಿಗೆ ಒಮ್ಮೆ ನೋಡಿ. ಬದಲಿಗೆ ಒಂದು ಡ್ರಮ್ ಕಾಕಂಬಿ ನೀರು ಫ್ರೀ. ಯುಗಾದಿಯೊಳಗೆ ಹಿತ್ತಲು ಖಾಲಿಯಾಗಬೇಕು ಅಂತ ಮನೆಯಲ್ಲಿ ಗಡುವು ಬಿದ್ದಿದೆ.